ಐದನೇ ದನಿಯ ಪುಸ್ತಕ

“ನನ್ನನ್ನೇನು ಕಂಬ ಅಂದ್ಕೊಂಡಿದ್ದೀರಾ, ದೊತ್ತೊರೆಸ್ಸಾ?”

ಹಾಡು ಅರ್ಧಕ್ಕೇ ನಿಂತಿತು. ಉಳಿದ ನಾಲ್ವರು ಗಾಯಕರು ಕೈಯಲ್ಲಿದ್ದ ಹಾಳೆಗಳಲ್ಲಿ ಮುಖ ಹುದುಗಿಸಿದರು. ಫೆಬ್ರವರಿಯ ಚಳಿಗೆ ಆ ಸಣ್ಣ ಚರ್ಚಿನೊಳಗೆ ಹಾಡಿದವರ ಬಾಯಿಂದಲೂ ಹಬೆ ಏಳುತ್ತಿತ್ತು. ಮೂರನೇ ಸಾಲಿನ ಬೆಂಚಿನಲ್ಲಿ ಕೋಟು ಬಿಚ್ಚದೆ ಕೂತಿದ್ದ ಒತ್ತಾವಿಯಾ ತಲೆ ಎತ್ತಿದಳು.

“ಯಾವ ಹಾಡಲ್ಲಿ?” ಎಂದಳು, ಗೊತ್ತಿದ್ದೂ.

“ಇದೇ, ಸತ್ತ ಮಕ್ಕಳಿಗಾಗಿ ತಾಯಿ ಅಳೋ ಹಾಡಲ್ಲಿ. ಎಲ್ಲರೂ ಗೋಳಾಡ್ತಿದ್ದಾರೆ, ನಾನೊಬ್ಬ ನಲವತ್ತು ಬಾರ್, ನಲವತ್ತು ಸುತ್ತು ತಾಳ, ಸುಮ್ನೆ ನಿಂತಿದ್ದೀನಿ. ಮಣ್ಣಿಗೆ ಬಂದು ಬಸ್ಸಿಗೆ ಕಾಯ್ತಿರೋನ ಥರ.”

ಮೊದಲ ದನಿಯ ಲುಚಿಲ್ಲಾ ಕಿಸಕ್ಕೆಂದಳು. ಒತ್ತಾವಿಯಾ ನಗಲಿಲ್ಲ. ಓದಿದ ಹೆಂಗಸರನ್ನು ದೊತ್ತೊರೆಸ್ಸಾ ಎಂದು ಕರೆಯುವುದು ಇಟಲಿಯ ಫೆರಾರಾದಲ್ಲಿ ಮಾಮೂಲಿ ಗೌರವ. ಈ ಮನುಷ್ಯನ ಬಾಯಲ್ಲಿ ಮಾತ್ರ ಅದು ಗೌರವಕ್ಕಿಂತ ಕೊಂಚ ಕಡಿಮೆಯಾಗಿ, ಕೀಟಲೆಗಿಂತ ಕೊಂಚ ಹೆಚ್ಚಾಗಿ ಕೇಳಿಸಿತು. ಹೆಸರು ನೇರಿಯೊ. ಐವರ ಈ ತಂಡದ ಮುಖ್ಯಸ್ಥ, ಅಂದರೆ ಮಾಯೆಸ್ತ್ರೊ. ಹೊಟ್ಟೆಪಾಡಿಗೆ ಊರೂರಿನ ಚರ್ಚುಗಳ ಹಳೆಯ ಆರ್ಗನ್‌ಗಳನ್ನು ರಿಪೇರಿ ಮಾಡುತ್ತಿದ್ದ. ನಲವತ್ನಾಲ್ಕರ ವಯಸ್ಸು, ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಮಸಿ, ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ. ಇಷ್ಟನ್ನೆಲ್ಲ ಮೊದಲ ಹತ್ತು ನಿಮಿಷದಲ್ಲೇ ಯಾಕೆ ಗಮನಿಸಿದೆ ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

“ಆ ಜಾಗದಲ್ಲಿ ನಾಲ್ಕು ದನಿಗಳೇ ಪೂರ್ತಿಯಾಗಿವೆ, ಮಾಯೆಸ್ತ್ರೊ. ಐದನೆಯದಕ್ಕೆ ಜಾಗ ಇಲ್ಲ. ಕೊನೆಯಲ್ಲಿ ‘ಅವರಿಲ್ಲ’ ಅನ್ನೋ ಮಾತು ಬರುತ್ತಲ್ಲ, ಅಲ್ಲಿ ಮಾತ್ರ ಏನೋ ಕಾಣೆಯಾಗಿದೆ ಅಂತ ಕಿವಿಗೆ ಗೊತ್ತಾಗುತ್ತೆ. ಅಲ್ಲಿ ನಿಮಗೆ ಬರೆದಿದ್ದೀನಿ.”

“ನಾಲ್ಕು ಸ್ವರ.”

“ಆರು.”

“ಸರಿ, ಆರು. ದೊಡ್ಡ ಮನಸ್ಸು ನಿಮ್ಮದು.”

ಅವನು ಅವಳನ್ನೇ ನೋಡುತ್ತಿದ್ದ. ಅವಳೂ ನೋಟ ತೆಗೆಯಲಿಲ್ಲ. ತೆಗೆದರೆ ಸೋತಂತೆ ಎಂದು ಇಬ್ಬರಿಗೂ ಅನ್ನಿಸಿರಬೇಕು. ಕೊನೆಗೆ ಲುಚಿಲ್ಲಾ, “ನೀವಿಬ್ಬರೂ ತೀರ್ಮಾನ ಮಾಡ್ಕೊಳ್ಳಿ, ಅಷ್ಟರಲ್ಲಿ ನಾವು ಒಂದು ಕಾಫಿ ಕುಡಿದು ಬರ್ತೀವಿ,” ಎಂದಾಗಲೇ ಹಾಡು ಮುಂದುವರಿದದ್ದು.

ಒತ್ತಾವಿಯಾಳ ಒಂಬತ್ತು ವರ್ಷ ಆ ಹಾಡುಗಳಲ್ಲೇ ಕಳೆದಿತ್ತು. ನಾನೂರೈವತ್ತು ವರ್ಷದ ಹಿಂದೆ ಬೆರ್ನಾರ್ದೀನೊ ಮೆಸೊಲಾ ಎಂಬೊಬ್ಬ ಸಂಗೀತಗಾರ ಐದು ದನಿಗಳಿಗೆ ಹದಿನೇಳು ಹಾಡು ಕಟ್ಟಿದ್ದ. ಆ ಕಾಲದಲ್ಲಿ ಒಂದೊಂದು ದನಿಗೆ ಒಂದೊಂದು ಪುಸ್ತಕ. ಐವರು ಐದು ಪುಸ್ತಕ ಹಿಡಿದು ನಿಂತರೆ ಮಾತ್ರ ಹಾಡು. ಅವುಗಳಲ್ಲಿ ನಾಲ್ಕು ಉಳಿದಿದ್ದವು, ಐದನೆಯದು ಕಳೆದುಹೋಗಿತ್ತು. ಉಳಿದ ನಾಲ್ಕನ್ನು ಓದಿ, ತಪ್ಪು ತಿದ್ದಿ, ಇಂದಿನವರು ಹಾಡುವಂಥ ಲಿಪಿಗೆ ತಂದು, ಕಾಣೆಯಾದ ಐದನೇ ದನಿ ಹೇಗಿದ್ದೀತೆಂದು ಊಹಿಸಿ ಕಿರಿಯಚ್ಚಿನಲ್ಲಿ ಸೇರಿಸುವುದು ಅವಳ ಕೆಲಸ. ಯಾವ ಸ್ವರ ಮೆಸೊಲಾನದು, ಯಾವುದು ತನ್ನದು ಎಂಬುದು ಓದುಗನಿಗೆ ಒಂದು ನೋಟಕ್ಕೇ ತಿಳಿಯಬೇಕು. ಆ ಗೆರೆ ಅಳಿಸಿದ ದಿನ ಸಂಪಾದಕಿ ಸತ್ತಳು ಎಂದು ಅವಳ ಗುರುಗಳು ಹೇಳುತ್ತಿದ್ದರು. ಮೇ ತಿಂಗಳ ಮೂರನೇ ವಾರ ಗ್ರಂಥ ಬೊಲೊನ್ಯಾದಲ್ಲಿ ಅಚ್ಚಿಗೆ ಹೋಗಬೇಕಿತ್ತು. ಅದೇ ವಾರ ಈ ಸಣ್ಣ ಚರ್ಚಿನಲ್ಲೇ ಮೊದಲ ಕಛೇರಿ.

*

ಮಾರ್ಚಿನಲ್ಲಿ ಅವನ ಪತ್ರಗಳು ಬರತೊಡಗಿದವು. ಪತ್ರವೆಂದರೆ ಪತ್ರವಲ್ಲ, ಅವಳದೇ ಹಾಳೆಗಳು, ಅಂಚಿನ ತುಂಬ ಪೆನ್ಸಿಲ್ ಗೀಚು.

‘ಈ ಉದ್ದದ ಸ್ವರಕ್ಕೆ ಇಕಾರ ಕೊಟ್ಟಿದ್ದೀರಿ. ಅಷ್ಟು ಹೊತ್ತು ಹಲ್ಲು ಕಿರಿದುಕೊಂಡು ನಿಲ್ಲಲಾರೆ. ಅಕಾರ ಬರಲಿ.’

‘ಇಲ್ಲಿ ಪುಟ ತಿರುಗಿಸಬೇಕು, ಇಲ್ಲೇ ಉಸಿರೂ ತಗೋಬೇಕು. ನನಗಿರೋದು ಒಂದೇ ಜೊತೆ ಶ್ವಾಸಕೋಶ.’

‘ಪುಟದ ಅರ್ಧಭಾಗ ಅಡಿಟಿಪ್ಪಣಿ. ಇದನ್ನೂ ಹಾಡಬೇಕಾ?’

ಅವಳು ಕೆಂಪು ಶಾಯಿಯಲ್ಲಿ ಉತ್ತರ ಬರೆದು ವಾಪಸ್ಸು ಕಳಿಸುತ್ತಿದ್ದಳು. ಅಕಾರ ಒಪ್ಪಿದಳು. ಪುಟದ ತಿರುವು ಬದಲಿಸಿದಳು. ಟಿಪ್ಪಣಿಗಳ ಬಗ್ಗೆ ಮಾತ್ರ, ‘ಅವು ಪಂಡಿತರಿಗೆ. ನೀವು ಹಾಡಿ, ಅವರು ಜಗಳವಾಡಲಿ,’ ಎಂದು ಬರೆದಳು. ಬರಬರುತ್ತ ಅವನು ಹಾಳೆಗಳನ್ನು ತಾನೇ ಸೈಕಲ್ಲಿನಲ್ಲಿ ತಂದುಕೊಡತೊಡಗಿದ. ಅವಳ ಕೋಣೆ ಕೋಟೆಗೋಡೆಯ ಬದಿಯ ಬೀದಿಯಲ್ಲಿ, ಎರಡನೇ ಮಹಡಿ. ಅವನು ಬಂದರೆ ಮರದ ಮೆಟ್ಟಿಲ ಮೇಲೆ ಮೊದಲು ಕೇಳುವುದು ಶಿಳ್ಳೆ, ಅದೂ ಅವಳೇ ಬರೆದ ಐದನೇ ದನಿ, ಎಲ್ಲೋ ಒಂದು ಸ್ವರ ಬೇಕೆಂತಲೇ ತಪ್ಪಿಸಿ. ಅವಳು ಬಾಗಿಲು ತೆರೆಯುವ ಮೊದಲೇ ಒಳಗಿಂದ, “ಫಾ, ಮಿ ಅಲ್ಲ,” ಎನ್ನುತ್ತಿದ್ದಳು. ಹೊರಗಿನಿಂದ ನಗು ಕೇಳುತ್ತಿತ್ತು.

ಒಂದು ದಿನ ಅವನು ಕುಂಬಳದ ಹೂರಣ ತುಂಬಿದ ಪಾಸ್ತಾ ಡಬ್ಬಿಯಲ್ಲಿ ತಂದ. ತಾಯಿ ಮಾಡಿದ್ದಂತೆ. ಇಬ್ಬರೂ ಹಸ್ತಪ್ರತಿಯ ಫೋಟೋಗಳನ್ನು ಆಚೆ ಸರಿಸಿ ಒಂದೇ ಮೇಜಿನಲ್ಲಿ ತಿಂದರು.

“ಆ ನಲವತ್ತು ಬಾರ್‌ಗೆ ನಿಜವಾಗಲೂ ಏನೂ ತೋಚಲ್ವಾ ನಿಮಗೆ?” ಅವನು ಕೇಳಿದ. ಈ ಸಲ ದನಿಯಲ್ಲಿ ಕೀಟಲೆ ಇರಲಿಲ್ಲ. “ಅಲ್ಲಿ ನಿಂತಿರೋವಾಗ ಎದೆಯೊಳಗೆ ಏನೋ ತುಂಬ್ಕೊಳ್ಳುತ್ತೆ. ಅದಕ್ಕೊಂದು ದಾರಿ ಇಲ್ಲ.”

“ತೋಚೋದು ಬೇರೆ, ಇರೋದು ಬೇರೆ.”

“ಇತ್ತೋ ಇಲ್ವೋ ಯಾರಿಗೆ ಗೊತ್ತು? ಪುಸ್ತಕವೇ ಕಳೆದುಹೋಗಿದೆಯಲ್ಲ.”

ಅವನು ಹೋದ ಮೇಲೆ ಅವಳು ಡಬ್ಬಿ ತೊಳೆದಳು, ಒರೆಸಿದಳು, ಕಿಟಕಿಯ ಬಳಿ ಇಟ್ಟಳು. ಮರುದಿನ ಬೆಳಿಗ್ಗೆ ಹತ್ತಕ್ಕೆ ಆ ಹಾಡಿನ ಮುಂದೆ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ. ಅವನ ದನಿ ಮೇಲಿನ ರೆ ಸ್ವರ ದಾಟಿದರೆ ಗಡಸಾಗುತ್ತಿತ್ತು. ಅದರ ಕೆಳಗಿನ ಐದಾರು ಸ್ವರಗಳಲ್ಲಿ ಅದಕ್ಕೊಂದು ಬಿಸುಪು ಬರುತ್ತಿತ್ತು, ಒಲೆಯ ಮೇಲಿಂದ ಈಗಷ್ಟೇ ಇಳಿಸಿದ ಪಾತ್ರೆಯಂತೆ. ಅವಳ ಪೆನ್ಸಿಲ್ ಆ ಐದಾರು ಸ್ವರಗಳನ್ನು ಬಿಟ್ಟು ಕದಲಲಿಲ್ಲ. ನಲವತ್ತು ಬಾರ್ ತುಂಬಿದವು. ನಿಯಮಕ್ಕೆ ಎಲ್ಲೂ ಭಂಗವಿರಲಿಲ್ಲ. ಅಷ್ಟು ಚೆಂದದ್ದನ್ನು ಅವಳು ಬರೆದೇ ಇರಲಿಲ್ಲ.

ಕೆಳಗೆ ಒಂದು ಅಡಿಟಿಪ್ಪಣಿಯನ್ನೂ ಬರೆದಳು: ‘ಇತರ ಹಾಡುಗಳ ರಚನಾಕ್ರಮವನ್ನು ನೋಡಿದರೆ ಇಲ್ಲಿ ಐದನೇ ದನಿ ಇದ್ದಿರಲೇಬೇಕು.’ ಇದ್ದಿರಲೇಬೇಕು ಎಂಬ ಪದದ ಮೇಲೆ ಪೆನ್ನು ಒಂದು ಗಳಿಗೆ ತಡೆಯಿತು. ಆಮೇಲೆ ಮುಂದೆ ಹೋಯಿತು.

ಏಪ್ರಿಲ್ ಮೊದಲ ವಾರ ಅವನು ಅದನ್ನು ಹಾಡಿದಾಗ ಯಾರೂ ತಮಾಷೆ ಮಾಡಲಿಲ್ಲ. ಒತ್ತಾವಿಯಾ ಬೆಂಚಿನಿಂದೆದ್ದು ಬಾಗಿಲ ಬಳಿಯ ಸೂಚನಾಫಲಕವನ್ನು ಬಹಳ ಆಸಕ್ತಿಯಿಂದ ಓದುವವಳಂತೆ ನಿಂತುಕೊಂಡಳು. ಲುಚಿಲ್ಲಾ ಆಮೇಲೆ ಹತ್ತಿರ ಬಂದು, “ಕಳೆದ ವರ್ಷದ ಬಾಜಾರಿನ ನೋಟೀಸು ಕಣೇ ಅದು. ಎರಡು ಸಲ ಓದಿದೆಯಲ್ಲ, ಏನಿದೆ ಅದರಲ್ಲಿ?” ಎಂದಳು.

*

ಏಪ್ರಿಲ್ ಮುಗಿದು ಮೇ ಬಂತು. ಶಿಳ್ಳೆ ನಿಂತುಹೋಯಿತು.

ಮೊದಲ ವಾರ ಅವನಿಗೆ ಕೆಲಸ ಜಾಸ್ತಿ ಇರಬಹುದೆಂದು ಅವಳು ಅಂದುಕೊಂಡಳು. ಎರಡನೇ ವಾರ ರಿಹರ್ಸಲಿನಲ್ಲಿ ಅವನು ಅವಳ ಕಡೆ ನೋಡದೇ ಹಾಡಿದ. ಆ ಹಾಡು ಬಂದಾಗ ಎರಡು ಕಡೆ ದನಿ ಒಡೆಯಿತು. ಅವನ ದನಿ ಒಡೆದದ್ದನ್ನು ಅವಳು ಕೇಳಿರಲೇ ಇಲ್ಲ. ಮುಗಿದ ಮೇಲೆ ಬಾಗಿಲ ಬಳಿ ಅವಳಿಗಾಗಿ ನಿಂತಿದ್ದ.

“ಕರಡಚ್ಚು ಯಾವತ್ತು ವಾಪಸ್ ಕಳಿಸ್ಬೇಕು ನೀವು?”

“ಇಪ್ಪತ್ತನೇ ತಾರೀಕು, ಶುಕ್ರವಾರ. ಯಾಕೆ?”

“ಏನಿಲ್ಲ.”

“ಏನಾದ್ರೂ ತಪ್ಪು ಕಂಡಿತಾ?”

ಅವನು ಬಾಯಿ ತೆರೆದ. ಹುಬ್ಬಿನ ಗೆರೆ ಮೇಲೆದ್ದು ಕೆಳಗಿಳಿಯಿತು. “ಇಲ್ಲ,” ಎಂದು ಹೇಳಿ ಸೈಕಲ್ ಹತ್ತಿ ಹೊರಟೇಬಿಟ್ಟ.

ಒತ್ತಾವಿಯಾಳಿಗೆ ಕಿವಿಯವರೆಗೂ ಬಿಸಿಯೇರಿತು. ಗೊತ್ತಾಗಿಬಿಟ್ಟಿದೆ ಇವನಿಗೆ. ಸೂಚನಾಫಲಕ, ತೊಳೆದಿಟ್ಟ ಡಬ್ಬಿ, ಒಂದೊಂದು ಸ್ವರವೂ ಅವನ ಗಂಟಲಿಗೆ ಅಳೆದು ಹೊಲಿದ ಆ ನಲವತ್ತು ಬಾರ್, ಎಲ್ಲ ಸೇರಿ ಏನು ಹೇಳುತ್ತವೆಂದು ತಿಳಿದು ಮರ್ಯಾದೆಯಾಗಿ ದೂರ ಸರಿಯುತ್ತಿದ್ದಾನೆ. ನಲವತ್ತೊಂದರ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ತನ್ನನ್ನೇ ಬೈದುಕೊಂಡು ಅವಳು ಕರಡಚ್ಚಿನಲ್ಲಿ ತಲೆ ಹುದುಗಿಸಿದಳು. ತಾನಾಗಿ ಒಂದು ಮಾತನ್ನೂ ಆಡುವುದಿಲ್ಲ ಎಂದು ನಿರ್ಧರಿಸಿದಳು.

*

ಹದಿನೇಳನೇ ತಾರೀಕು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಎಪ್ಪತ್ತೈದು ದಾಟಿದ ಒಬ್ಬ ಪಾದ್ರಿ, ಮೆಟ್ಟಿಲು ಹತ್ತಿದ ಏದುಸಿರು, ಕೈಯಲ್ಲಿ ಮಾರ್ಕೆಟ್ಟಿನ ಚೀಲ. ದೊನ್ ಓಲಿಂದೊ ಎಂದು ಪರಿಚಯ ಹೇಳಿಕೊಂಡರು. ಪೋ ನದಿ ಸಮುದ್ರ ಸೇರುವ ಕಡೆಯ ಜೌಗಿನ ನಡುವೆ ಒಂದು ಸಣ್ಣ ಹಳ್ಳಿ, ಅಲ್ಲಿಯ ಚರ್ಚು ಅವರದು.

“ಹಲ್ಲಿನ ಡಾಕ್ಟರ ಹತ್ರ ಬಂದಿದ್ದೆ, ಮಗಳೇ. ಹಾಗೇ ನಿಮ್ಮನ್ನೂ ನೋಡ್ಕೊಂಡು ಹೋಗೋಣ ಅಂತ. ಪುಸ್ತಕದ ಸುದ್ದಿ ಏನಾಯ್ತು?”

“ಯಾವ ಪುಸ್ತಕ, ಫಾದರ್?”

“ಅದೇ, ನಮ್ಮ ಆರ್ಗನ್ ರಿಪೇರಿಗೆ ಬಂದಿದ್ನಲ್ಲ ನೇರಿಯೊ, ಅವನು ನೋಡಿದ್ದು. ಬ್ಯಾಪ್ಟಿಸಂ ದಾಖಲೆಗಳ ಜೊತೆ ಬೀರುವಿನಲ್ಲಿ ಬಿದ್ದಿತ್ತು. ಒಂದೊಂದು ಪುಟಾನೂ ಫೋಟೋ ತೆಗೆದ್ಕೊಂಡ. ಇದನ್ನ ಹುಡುಕ್ತಿರೋ ಹೆಂಗಸು ಒಬ್ಬರಿದ್ದಾರೆ, ಅವರಿಗೇ ತಲುಪಿಸ್ತೀನಿ ಅಂದ, ನಿಮ್ಮ ಹೆಸರು, ಬೀದಿ ಎಲ್ಲ ಹೇಳಿದ್ದ. ಮೂರು ವಾರ ಆಯ್ತು, ಒಂದು ಫೋನೂ ಇಲ್ಲ. ನಾನೇ ತಂದುಬಿಟ್ಟೆ. ಬಿಷಪ್ಪರ ಆಫೀಸಿಗೆ ಮಾತ್ರ ಹೇಳ್ಬೇಡಿ.”

ಚೀಲದಿಂದ ಮೊದಲು ಎರಡು ಬ್ರೆಡ್ಡು ಹೊರಬಂದವು. ಆಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಅಗಲದ ಪುಸ್ತಕ.

ಬಟ್ಟೆ ಬಿಚ್ಚುವ ಮೊದಲೇ ಅವಳಿಗೆ ತಿಳಿದಿತ್ತು. ಅದೇ ಅಳತೆ, ಅದೇ ಕಂದು ತೊಗಲು. ಮೊದಲ ಪುಟದ ಲಿಪಿಕಾರನೂ ಉಳಿದ ನಾಲ್ಕನ್ನು ಬರೆದವನೇ: ಸ್ವರಚಿಹ್ನೆಯ ಬಾಲಕ್ಕೆ ಎಡಗಡೆ ಒಂದು ಸಣ್ಣ ಕೊಕ್ಕೆ ಹಾಕುವ ಅವನ ಕೈಯನ್ನು ಒಂಬತ್ತು ವರ್ಷದಿಂದ ತನ್ನ ಕೈಗಿಂತ ಚೆನ್ನಾಗಿ ಬಲ್ಲಳು. ಪುಟ ತಿರುಗಿಸಿದಳು. ಹನ್ನೊಂದನೇ ಹಾಡು. ತಾಯಿಯ ಅಳು.

ಅಲ್ಲಿ ಸ್ವರಗಳಿರಲಿಲ್ಲ. ಐದು ಗೆರೆಗಳ ಮೇಲೆ ಸಾಲಾಗಿ ಉದ್ದುದ್ದ ಗೀಟುಗಳು ನಿಂತಿದ್ದವು. ಹಳೆಯ ಲಿಪಿಯಲ್ಲಿ ಅದು ಮೌನದ ಗುರುತು. ಅವಳು ಬೆರಳಿಟ್ಟು ಎಣಿಸಿದಳು. ಎಣಿಸುವ ಅಗತ್ಯವಿರಲಿಲ್ಲ. ಸಾಲಿನ ತುದಿಯಲ್ಲಿ ‘ಅವರಿಲ್ಲ’ ಎಂಬ ಮಾತಿಗೆ ಆರು ಸ್ವರ.

ಆರಕ್ಕೆ ಆರೂ ಅವಳು ಫೆಬ್ರವರಿಯಲ್ಲಿ ಬರೆದಿದ್ದವೇ.

“ಮುಖ ಬೆಳ್ಳಗಾಯ್ತಲ್ಲ, ಮಗಳೇ. ನೀರು ಕುಡೀರಿ,” ಎಂದರು ದೊನ್ ಓಲಿಂದೊ.

*

ಅವನು ಊರ ತೆಂಕಣ ಬಾಗಿಲ ಬಳಿಯ ಚರ್ಚಿನಲ್ಲಿ ಕೆಲಸದಲ್ಲಿದ್ದ. ಆರ್ಗನ್ನಿನ ಮುಂಭಾಗದ ಹಲಗೆ ಕಳಚಿತ್ತು, ತವರದ ಕೊಳವೆಗಳು ನೆಲದ ಮೇಲೆ ಕಂಬಳಿ ಹಾಸಿಕೊಂಡು ಮಲಗಿದ್ದವು. ಒಳಗಿನಿಂದ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು.

“ದೊನ್ ಓಲಿಂದೊ ಬಂದಿದ್ರು,” ಎಂದಳು.

ಅವನು ಹಿಂದಕ್ಕೆ ತೆವಳಿ ಹೊರಬಂದು, ಎದ್ದು ನಿಲ್ಲದೆ ಅಲ್ಲೇ ನೆಲದ ಮೇಲೆ ಕೂತ. ಕೂದಲಲ್ಲಿ ಧೂಳು.

“ಹೇಳ್ಬೇಕು ಅಂತಿದ್ದೆ.”

“ಯಾವತ್ತು?”

“ಗುರುವಾರ. ಅಚ್ಚಿಗೆ ಹೋಗೋ ಮುಂಚೆ.”

“ಮೂರು ಗುರುವಾರ ಆಗ್ಹೋದ್ವು, ಮಾಯೆಸ್ತ್ರೊ.”

ಅವನು ತಲೆ ತಗ್ಗಿಸಿದ. ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ.

“ನನ್ನ ಒಂಬತ್ತು ವರ್ಷ ಗೊತ್ತಿತ್ತು ನಿಮಗೆ. ಮುನ್ನುಡಿಯಲ್ಲಿ ‘ಐದನೇ ಪುಸ್ತಕ ಕಳೆದುಹೋಗಿದೆ’ ಅಂತ ನಾನು ಬರೀತಿದ್ದಾಗ ಆ ಪುಸ್ತಕ ನಿಮ್ಮ ಜೇಬಲ್ಲಿತ್ತು. ಫೋನಿನೊಳಗೆ. ನನ್ನ ಮುಂದೆ ನಿಂತ್ಕೊಂಡು ‘ತಪ್ಪು ಕಂಡಿತಾ’ ಅಂತ ಕೇಳಿದ್ರೆ ‘ಇಲ್ಲ’ ಅಂದ್ರಿ.”

“ಅಂದೆ.”

“ಯಾಕೆ?”

“ನೋಡಿದ ಕೂಡ್ಲೆ ನಿಮ್ಮ ಮನೆಗೇ ಹೊರಟಿದ್ದೆ. ಖುಷಿಗೆ ಹುಚ್ಚು ಹಿಡಿದಿತ್ತು. ದಾರಿ ಮಧ್ಯ ಕಾರು ನಿಲ್ಲಿಸಿ ಹನ್ನೊಂದನೇ ಹಾಡು ತೆಗೆದೆ.” ಅವನು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. “ಮೊದಲು ನೀವು ಸರಿಯಾಗೇ ಬರೆದಿದ್ರಿ. ಕಂಬ, ಬಸ್ಸು ಅಂತ ರೇಗಿಸಿ ರೇಗಿಸಿ ತಪ್ಪು ಮಾಡಿಸಿದೋನು ನಾನು. ಹೇಳಿದ್ರೆ ಆ ನಲವತ್ತು ಬಾರ್ ನೀವು ಹೊಡೆದು ಹಾಕ್ತೀರಿ ಅಂತ ಗೊತ್ತಿತ್ತು. ಹಾಕಲೇಬೇಕು ಅಂತಲೂ ಗೊತ್ತಿತ್ತು. ಆದರೆ ನನ್ನ ಜನ್ಮದಲ್ಲಿ ಯಾರೂ ನನಗೆ ಅಂಥಾದ್ದು ಬರೆದುಕೊಟ್ಟಿರಲಿಲ್ಲ. ಒಂದು ದಿನ ತಳ್ಳಿದೆ. ಎರಡು ದಿನ ತಳ್ಳಿದೆ. ಆಮೇಲೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಕೇಳ್ತೀರಲ್ಲ ಅನ್ನೋ ಹೆದರಿಕೆಗೇ ಮತ್ತಷ್ಟು ದಿನ ಹೋಯ್ತು.”

ಅವಳು ನೆಲದ ಮೇಲಿನ ಕೊಳವೆಗಳನ್ನು ದಾಟಿಕೊಂಡು ಬಾಗಿಲವರೆಗೆ ಹೋದಳು.

“ಭಾನುವಾರದ ಕಛೇರಿ?” ಅವನು ಹಿಂದಿನಿಂದ ಕೇಳಿದ.

“ನಡೆಯುತ್ತೆ. ಪುಸ್ತಕದಲ್ಲಿ ಇರೋ ಹಾಗೆ.”

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಸೈಕಲ್ಲಿನ ಬೀಗ ತೆಗೆಯಲು ಮೂರು ಸಲ ಪ್ರಯತ್ನಿಸಬೇಕಾಯಿತು. ಅವಳ ಕೋಪದಲ್ಲಿ ಅರ್ಧ ಮಾತ್ರ ಅವನದಾಗಿತ್ತು. ಅವನು ಮುಚ್ಚಿಟ್ಟದ್ದು ಮೂರು ವಾರ. ಅವಳು? ‘ಇದ್ದಿರಲೇಬೇಕು’ ಎಂದು ಬರೆದವರು ಯಾರು? ಅವನು ಕೇಳಿದ್ದು ನಿಜ, ಆದರೆ ಯಾವ ಗಾಯಕ ಕೇಳುವುದಿಲ್ಲ? ಇಪ್ಪತ್ತು ವರ್ಷದಲ್ಲಿ ಎಷ್ಟೋ ಮಂದಿಗೆ ಇಲ್ಲವೆಂದವಳು ಈ ಒಬ್ಬನಿಗೆ ಹೂಂ ಎಂದಿದ್ದಳು, ಅದಕ್ಕೆ ವಿದ್ವತ್ತಿನ ಬಟ್ಟೆ ಉಡಿಸಿದ್ದಳು.

ಮನೆ ಸೇರಿದವಳೇ ಬೊಲೊನ್ಯಾಕ್ಕೆ ಫೋನು ಮಾಡಿ ಕರಡಚ್ಚು ತಡೆಹಿಡಿಯಲು ಹೇಳಿದಳು. ಕಾರಣ ಕೇಳಿಸಿಕೊಂಡ ಪ್ರಕಾಶಕಿ, “ಕಂಗ್ರಾಟ್ಸ್ ಹೇಳ್ಬೇಕೋ ಸಂತಾಪ ಹೇಳ್ಬೇಕೋ ತಿಳೀತಿಲ್ಲ,” ಎಂದಳು.

“ಎರಡೂ ಹೇಳಿಬಿಡಿ,” ಎಂದಳು ಒತ್ತಾವಿಯಾ.

*

ಶನಿವಾರದ ರಿಹರ್ಸಲಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಹೊಸ ಹಾಳೆಗಳನ್ನು ಅವಳು ಲುಚಿಲ್ಲಾಳ ಕೈಗೆ ಕೊಟ್ಟಳು, ಲುಚಿಲ್ಲಾ ಅವನಿಗೆ ದಾಟಿಸಿದಳು.

“ನಾನೇನು ಅಂಚೆಯವಳಾ?” ಎಂದು ಗೊಣಗಿ, ಒತ್ತಾವಿಯಾಳ ಪಕ್ಕ ಬಂದು ಕೂತು ದನಿ ತಗ್ಗಿಸಿದಳು. “ಏನಾಯ್ತು ಅಂತ ಎಲ್ಲ ಹೇಳಿದ ಅವನು. ತನ್ನದೇ ತಪ್ಪು ಅಂದ. ತಪ್ಪೇ. ಆದರೆ ನೀನು ಯಾಕೆ ಕಳ್ಳಿ ಥರ ಕೂತಿದ್ದೀಯ? ಕದ್ದೋನು ಅವನು ತಾನೇ?”

ಒತ್ತಾವಿಯಾ ಹಾಳೆಗಳ ಅಂಚು ಸಮ ಮಾಡಿದಳು. “ಇಬ್ಬರೂ ಕದ್ದಿದ್ದೀವಿ, ಲುಚಿಲ್ಲಾ. ಅವನದು ಸಿಕ್ಕಿಬಿತ್ತು, ಅಷ್ಟೇ.”

ಭಾನುವಾರ ಸಂಜೆ ಐದಕ್ಕೆ ಚರ್ಚು ತುಂಬಿತ್ತು. ಮುಂದಿನ ಸಾಲಿನಲ್ಲಿ ಬೊಲೊನ್ಯಾದಿಂದ ಬಂದ ನಾಲ್ವರು ಪ್ರೊಫೆಸರುಗಳು, ಹಿಂದೆ ಬೀದಿಯ ಜನ, ಒಂದು ಬದಿಗೆ ಪುಸ್ತಕವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡ ದೊನ್ ಓಲಿಂದೊ. ಹತ್ತು ಹಾಡುಗಳು ಮುಗಿದವು. ಹನ್ನೊಂದನೆಯದಕ್ಕೆ ಮೊದಲು ಸಂಪಾದಕಿ ಎರಡು ಮಾತು ಆಡುವರೆಂದು ಕಾರ್ಯಕ್ರಮ ಪತ್ರದಲ್ಲಿ ಅಚ್ಚಾಗಿತ್ತು. ಒತ್ತಾವಿಯಾ ಎದ್ದು ಮುಂದೆ ಹೋದಳು. ಕೈಯಲ್ಲಿ ಬರೆದುಕೊಂಡ ಚೀಟಿಯಿತ್ತು. ಅದನ್ನು ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡಳು.

“ನಿಮ್ಮ ಕೈಲಿರೋ ಹಾಳೆಯಲ್ಲಿ ಈ ಹಾಡು ತಪ್ಪಾಗಿ ಅಚ್ಚಾಗಿದೆ,” ಎಂದಳು. “ಐದನೇ ಪುಸ್ತಕ ಈಗ ಸಿಕ್ಕಿದೆ. ಹಾಡಿನ ಕೊನೆಯವರೆಗೂ ಐದನೇ ದನಿ ಸುಮ್ಮನಿರಬೇಕು ಅಂತ ಅದರಲ್ಲಿದೆ. ಸತ್ತ ಮಕ್ಕಳ ಜಾಗ ಅದು. ನಾನು ಮೊದಲು ಅದನ್ನ ಖಾಲಿ ಬಿಟ್ಟಿದ್ದೆ. ಆಮೇಲೆ ನಾನೇ ತುಂಬಿದೆ.”

ಮುಂದಿನ ಸಾಲಿನಲ್ಲಿ ಒಬ್ಬ ಪ್ರೊಫೆಸರು ಕನ್ನಡಕ ಸರಿಪಡಿಸಿಕೊಂಡರು. ಇಲ್ಲಿಗೇ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ.

“ಯಾಕೆ ತುಂಬಿದೆ ಅಂತ ಟಿಪ್ಪಣಿಯಲ್ಲಿ ಒಂದು ಕಾರಣ ಕೊಟ್ಟಿದ್ದೀನಿ. ಅದು ಸುಳ್ಳು. ನಿಜವಾದ ಕಾರಣ, ಅದನ್ನ ಹಾಡೋರ ದನಿ ನನಗೆ ಇಷ್ಟ ಆಗಿತ್ತು. ಅದು ಸುಮ್ಮನಿರೋದು ನನಗೆ ಬೇಕಿರಲಿಲ್ಲ. ಅದು ಮೆಸೊಲಾನ ತಪ್ಪಲ್ಲ, ಹಾಡುವವರ ತಪ್ಪೂ ಅಲ್ಲ.”

ಯಾರೋ ಕೆಮ್ಮಿದರು. ಅವಳು ಪಕ್ಕಕ್ಕೆ ಸರಿದು ಕಂಬಕ್ಕೆ ಒರಗಿ ನಿಂತಳು. ನೇರಿಯೊನ ಮುಖವನ್ನು ನೋಡಲಿಲ್ಲ.

ನಾಲ್ಕು ದನಿಗಳು ಎದ್ದವು. ಎಂಟು ಬಾರ್ ಆದ ಮೇಲೆ ಅವಳು ನೋಡದೇ ಇರಲಾರದೆ ಹೋದಳು.

ಅವನು ಹಾಳೆ ಕೆಳಗಿಳಿಸಿ ನಿಂತಿದ್ದ. ಕೈಗಳು ಪಕ್ಕದಲ್ಲಿ. ಕಣ್ಣು ಅವಳ ಮೇಲೆ. ತುಟಿ ಮುಚ್ಚಿತ್ತು. ಹಾಡು ಅವನ ಸುತ್ತ ತಿರುಗುತ್ತಿತ್ತು, ಒಂದು ದನಿ ಇನ್ನೊಂದನ್ನು ಕರೆಯುತ್ತಿತ್ತು, ಉತ್ತರ ಬಾರದೆ ಮತ್ತೆ ಕರೆಯುತ್ತಿತ್ತು. ಸಭೆಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಹಾಡುತ್ತಿರುವ ನಾಲ್ವರನ್ನು ಬಿಟ್ಟು ಹಾಡದೆ ನಿಂತವನನ್ನೇ ನೋಡತೊಡಗಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಒತ್ತಾವಿಯಾಳಿಗೆ ಆ ಹಾಡು ಪೂರ್ತಿಯಾಗಿ ಕೇಳಿಸಿತು.

ಕೊನೆಗೆ ‘ಅವರಿಲ್ಲ’ ಎಂದು ಅವನು ಬಾಯಿ ತೆರೆದಾಗ ದೊನ್ ಓಲಿಂದೊ ತೊಡೆಯ ಮೇಲಿನ ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆರೇ ಸ್ವರ.

*

ಕಛೇರಿ ಮುಗಿದ ಮೇಲೆ ಪ್ರೊಫೆಸರುಗಳು ಅವಳನ್ನು ಸುತ್ತುವರಿದರು. ಇಬ್ಬರು ಅಭಿನಂದಿಸಿದರು, ಒಬ್ಬರು ಟಿಪ್ಪಣಿಗಳ ಬಗ್ಗೆ ಆಮೇಲೆ ಬರೆಯುತ್ತೇನೆಂದು ಮುಖ ಬಿಗಿದರು, ಇನ್ನೊಬ್ಬರು ಕೈ ಕುಲುಕಿ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಅವಳು ಹಿಂಬಾಗಿಲಿನಿಂದ ಹೊರಬಂದು ಕೋಟೆಗೋಡೆಯ ಮೇಲಿನ ಹಾದಿ ಹತ್ತಿದಳು. ಸಂಜೆಯ ಬಿಸಿಲು ಇನ್ನೂ ಹಳದಿಯಾಗಿತ್ತು. ಲಿಂಡೆನ್ ಮರಗಳ ಕೆಳಗೆ ಜನ ಸೈಕಲ್ ತುಳಿಯುತ್ತಿದ್ದರು. ಹಿಂದೆ ಹೆಜ್ಜೆ ಕೇಳಿತು, ಓಡಿಬರುವವನ ಹೆಜ್ಜೆ.

“ಒತ್ತಾವಿಯಾ.”

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ನಿಂತಳು.

“ಎಲ್ಲರೆದುರು ಹಾಗಂದುಬಿಟ್ಟೆಯಲ್ಲ,” ಎಂದ, ಮೇಲುಸಿರು ಬಿಡುತ್ತ. “ನಾಳೆ ಆ ಪಂಡಿತರು ನಿನ್ನನ್ನ ತಿಂದುಹಾಕ್ತಾರೆ.”

“ತಿನ್ನಲಿ. ಬರೆದಿದ್ದು ನಾನು.”

“ಮುಚ್ಚಿಟ್ಟಿದ್ದು ನಾನು. ಅದನ್ನ ಯಾಕೆ ಹೇಳ್ಲಿಲ್ಲ?”

“ಅದು ನೀನು ಹೇಳ್ಬೇಕಾದ್ದು.” ನೀನು ಎಂಬ ಮಾತು ಬಾಯಿಂದ ಬಂದ ಮೇಲೆಯೇ ಅವಳಿಗೆ ತಿಳಿದದ್ದು. ಅವನೂ ಕೇಳಿಸಿಕೊಂಡ, ಹುಬ್ಬಿನ ಗೆರೆ ಒಮ್ಮೆ ಕದಲಿತು. “ಇವತ್ತು ಕ್ಷಮಿಸಿದ್ದೀನಿ ಅಂದ್ರೆ ಅದೂ ಸುಳ್ಳಾಗುತ್ತೆ, ನೇರಿಯೊ. ನಂಬಿಕೆ ಒಂದು ಹಾಡಿಗೆ ವಾಪಸ್ ಬರಲ್ಲ.”

“ಎಷ್ಟು ಹಾಡಿಗೆ ಬರುತ್ತೆ?”

“ಹದಿನೇಳು ಇವೆ. ದೊನ್ ಓಲಿಂದೊ ಪುಸ್ತಕವನ್ನ ಯಾರ ಕೈಗೂ ಬಿಟ್ಟುಕೊಡಲ್ಲ, ಅವರ ಹಳ್ಳಿಗೇ ಹೋಗಿ ಒಂದೊಂದು ಸ್ವರಾನೂ ತಾಳೆ ನೋಡ್ಬೇಕು. ಒಬ್ಬರು ಓದ್ಬೇಕು, ಇನ್ನೊಬ್ಬರು ಗುರುತು ಹಾಕ್ಬೇಕು. ಇಡೀ ಬೇಸಿಗೆ ಹಿಡಿಯುತ್ತೆ. ಸೊಳ್ಳೆ ವಿಪರೀತ.”

“ನಾನು ಓದ್ತೀನಿ.”

“ಇದ್ದದ್ದನ್ನ ಇದ್ದ ಹಾಗೆ ಓದ್ಬೇಕು.”

“ಇದ್ದ ಹಾಗೇ ಓದ್ತೀನಿ.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ಹಾಗಾದ್ರೆ ಮೊದಲನೇದು ಈಗಲೇ ಓದಿಬಿಡ್ತೀನಿ. ಫೆಬ್ರವರಿಯಲ್ಲಿ ಆ ನಲವತ್ತು ಬಾರ್ ನಾನು ಸುಮ್ಮನೆ ನಿಂತಿದ್ದಾಗ ನೀನು ಬೆಂಚಿನ ಮೇಲೆ ಕೋಟು ಬಿಚ್ಚದೆ ಕೂತಿದ್ದೆ. ನನಗೆ ಹಾಡು ಕೇಳಿಸ್ತಿರಲಿಲ್ಲ. ಅದಕ್ಕೇ ಜಗಳ ತೆಗೆದೆ. ನೀನು ತಲೆ ಎತ್ತಿ ನೋಡ್ಲಿ ಅಂತ.”

ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣೂ ತುಂಬಿತು. ಒಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಇಬ್ಬರ ನಡುವೆಯೇ ನುಗ್ಗಲು ನೋಡಿ, ಜಾಗ ಸಾಲದೆ, ಸುತ್ತು ಹಾಕಿಕೊಂಡು ಹೋಯಿತು.

“ನಾನು ಬರೆದದ್ದನ್ನ ಏನು ಮಾಡ್ತೀಯ?” ಎಂದಳು.

“ಬಾಯಿಪಾಠ ಬಂದುಬಿಟ್ಟಿದೆ. ಮರೆಯೋದು ಹೇಗೆ ಅಂತ ಗೊತ್ತಿಲ್ಲ.”

“ಮರೀಬೇಡ. ಅದು ಮೆಸೊಲಾನದಲ್ಲ, ನನ್ನದು. ಹಾಡೋದಾದ್ರೆ ನನ್ನ ಹೆಸರಲ್ಲಿ ಹಾಡು.”

ಅವನು ಸುತ್ತ ನೋಡಿದ. ಬೆಂಚಿನ ಮೇಲೆ ಪತ್ರಿಕೆ ಓದುತ್ತಿದ್ದ ಮುದುಕ, ನಾಯಿ ಹಿಡಿದು ನಡೆಯುತ್ತಿದ್ದ ಇಬ್ಬರು ಹೆಂಗಸರು. ಆಮೇಲೆ ಅವಳ ಕೈಯನ್ನು ತನ್ನ ಮಸಿಗೈಯೊಳಗೆ ತೆಗೆದುಕೊಂಡು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹಾಡತೊಡಗಿದ. ಮುದುಕ ಪತ್ರಿಕೆ ಕೆಳಗಿಳಿಸಿದ. ಒತ್ತಾವಿಯಾ ಈ ಸಲ ಬೇರೆಲ್ಲೂ ನೋಡಲಿಲ್ಲ.